ಕಡೀ ಪಾಳಿಯ ಅಳಿಯ

ಕಬಡ್ಡಿಗೆ ಆಳು ಆರಿಸೂ ದಿನ ಬಂತಂದ್ರ ನಮ್ಮ ನಾರಾಯಣಪೇಟಿಯೊಳಗ ಶಾಣ್ಯಾರಿಗೆ ಬರ ಇರಂಗಿಲ್ಲ. ಎಮ್ಮಿ ಕೊಳ್ಳಾಕ ಹೋದ್ರ ಹಲ್ಲು ಎಣಸ್ತಾರ, ಬದನಿಕಾಯಿ ಕೊಳ್ಳಾಕ ಹೋದ್ರ ತೊಟ್ಟು ತಿರುವಿ ಹುಳ ನೋಡ್ತಾರ. ಮನಷ್ಯಾನ್ನ ಆರಿಸಾಕ ನಿಂತ್ರ ಮಾತ್ರ ಇದ್ದ ಕಣ್ಣೂ ಮುಚ್ಚಿಕೊಂತಾರ. ವರ್ಷಾ ಇಂಥವು ಒಂದಿಲ್ಲೊಂದು ಆಗ್ತಾವ. ನಾನು ನೋಡ್ಕೊಂತ, ಹಲ್ಲು ಕಡ್ಕೊಂತ ಬಂದೀನಿ.

ನಾನು ಇಲ್ಲಿ ಹೈಸ್ಕೂಲಿನ್ಯಾಗ ಆಟದ ಮಾಸ್ತರ ಇದ್ದಾವ. ರಿಟೈರ್ ಆದ ಮ್ಯಾಲ ಊರ ಕಬಡ್ಡಿ ಟೀಮಿಗೆ ಆಳು ಹುಡುಕೂ ಕೆಲಸ ನನ್ನ ತಲೀಗೆ ಬಿದ್ದೈತಿ. ಪದ್ಧತಿ ಹಿಂಗೈತಿ. ಸಂಕ್ರಾಂತಿ ಮುಂದ ನಾರಾಯಣಪೇಟಿ, ಮಕ್ತಲ್, ಗದ್ವಾಲ, ಈ ಮೂರು ಊರ ಟೀಮು ಕೂಡಿ ಪಂದ್ಯ ಇಡ್ತಾವ. ಸುತ್ತಲ ಹಳ್ಳಿ ಆಟಗಾರರೆಲ್ಲ ನಮ್ಮೂರ ಅಂಗಳಕ್ಕ ಬಂದು ಸಾಲಾಗಿ ನಿಲ್ತಾರ. ಮೂರು ಟೀಮಿನ ಧಣ್ಯಾರು ಪಾಳಿ ಮ್ಯಾಲ ಒಬ್ಬೊಬ್ಬರನ್ನ ಕರದು ತಮ್ಮ ಕಡೆ ನಿಂದ್ರಿಸ್ಕೊಂತಾರ. ಹೋದ ವರ್ಷ ಗೆದ್ದಾವ್ರದು ಮೊದಲ ಪಾಳಿ, ಸೋತಾವ್ರದು ಕಡೀ ಪಾಳಿ. ಅಂದ್ರ ಉಂಡಾವಗ ಹೋಳಿಗಿ, ಹಸದಾವಗ ಎಂಜಲೆಲಿ. ನಾವು ವರ್ಷಾ ಸೋಲ್ತಿದ್ವಿ, ಅದಕ್ಕ ವರ್ಷಾ ಉಳದದ್ದು ಬಳದದ್ದು ನಮಗ.

ನಮ್ಮ ಟೀಮಿನ ಧಣಿ ಊರ ಸೀರಿ ಸಾವಕಾರ್ರು. ಆಡೂ ಅಂಗಳನೂ ಅವರದೇ, ಅವರ ಮನೀ ಬಾಜೂಕ ಐತಿ. ಊರ ಮಕ್ಕಳಿಗೆಲ್ಲ ನಾನು ಕಬಡ್ಡಿ ಕಲಿಸಿದ್ದು ಆ ಮಣ್ಣಿನ್ಯಾಗ. ಸಾವಕಾರ್ರ ಮಗಳೂ ಅಲ್ಲೇ ಕಲ್ತಾಕಿ. ಎಡಗಡಿ ಮೂಲಿಯೊಳಗ ಆಕಿ ನಿಂತ್ಲಂದ್ರ, ದಾಳಿಗೆ ಬಂದಾಕಿ ಕಾಲಿನ ಹರಡು ಆಕಿ ಕೈಯಾಗ ಸಿಕ್ಕಂಗೇ. ಕನ್ಯಾ ನೋಡಾಕ ಮಂದಿ ಬರಾಕ ಶುರು ಆದ ಮ್ಯಾಲ ಸಾವಕಾರ್ರು ಆಟ ಬಿಡಿಸಿ, ಗದ್ವಾಲಕ್ಕ ಕೊಟ್ಟು ಮದಿವಿ ಮಾಡಿದ್ರು.

ಆ ಅಳಿಯಂದ್ರದು ಟೆಂಟ್ ಹೌಸ್ ಧಂಧಾ. ಮದಿವಿ ಆದ ಮರುದಿನಾನೇ ಅಂಗಳದ ಕಡೆ ನೋಡಿ, "ಮಾವಾರೆ, ಇಲ್ಲಿ ಒಂದು ಫಂಕ್ಷನ್ ಹಾಲ್ ಎದ್ರ ಹೆಂಗಿರ್ತೈತಿ?" ಅಂದ್ರಂತ. ಅಳಿಯ ಮನಿ ತೊಳಿಯ ಅಂತ ಹಿರೇರು ಸುಮ್ನ ಅಂದಾರೇನು. ಸುದ್ದಿ ಕೇಳಿ ನಾನು ಹೋಗಿ ಸಾವಕಾರ್ರ ದುಕಾನದಾಗ ಕುಂತೆ, ಏಳಲಿಲ್ಲ. ಕಡೀಕ ಅವರು ನಡುವಿನ ದಾರಿ ಹಿಡದ್ರು.

"ಮೂರು ವರ್ಷ ನೋಡೂಣ್ರಿ ಮಾಸ್ತರೆ. ಅಷ್ಟರಾಗ ಒಮ್ಮೆರೆ ಗೆದ್ದು ತೋರಸ್ರಿ, ಅಂಗಳ ಇರ್ತೈತಿ. ಇಲ್ಲಾಂದ್ರ ಹಾಲ್ ಏಳ್ತೈತಿ."

ಮುಟ್ಟಿ ನೋಡಿದ ಮಾಲು

ಮೊದಲನೇ ವರ್ಷ ಸಾವಕಾರ್ರು, "ಆಳು ನಾನೇ ಆರಸ್ತೀನಿ, ಹುಟ್ಟಿದಾಗಿಂದ ಮಾಲು ಮುಟ್ಟಿ ನೋಡ್ಕೊಂತ ಬಂದ ಕೈಯಿದು" ಅಂದ್ರು. ಸೀರಿ ಅಂಚು ಎರಡು ಬಟ್ಟಿನ ನಡುವ ಹಿಡದು ತಿಕ್ಕಿದಂಗ, ಸಾಲಿನ್ಯಾಗ ನಿಂತಾವ್ರ ತೋಳು ಹಿಡದು ತಿಕ್ಕಾಕ ಹತ್ತಿದ್ರು. ಧನ್ವಾಡದಾಂವ ಒಬ್ಬ ಒಣಕಲು ಹುಡುಗ ಇದ್ದ, ಹಾವಿನಂಗ ಜಾರ್ತಿದ್ದ. ಆತನ್ನ ತಗೊಳ್ರಿ ಅಂತ ನಾನು ಕಣ್ಣು ಸನ್ನಿ ಮಾಡಿದೆ. ಸಾವಕಾರ್ರು ಆತನ ತೋಳು ಹಿಡದು, "ಇದು ನೂಲು ತೆಳುವು" ಅಂತ ಬಿಟ್ಟು, ಮಕ್ತಲಿನ ಒಬ್ಬ ಜಿಮ್ ಪೈಲ್ವಾನನ ಮುಂದ ನಿಂತ್ರು. ತೋಳಂದ್ರ ತೋಳು, ಎದಿ ಅಂದ್ರ ಎದಿ. ಅಂಗಿ ಹರಕೊಂಡು ಹೊರಗ ಬರೂ ಹಂಗಿತ್ತು.

"ಮಾಲು ನೋಡ್ರಿ ಮಾಸ್ತರೆ."

"ಸೀರಿ ಕೊಳ್ಳೂ ಮುಂದ ತಿರುವಿ ಹಿಂದಿನ ಮಗ್ಗಲಾನೂ ನೋಡ್ತೀರಿ ಸಾವಕಾರ್ರೆ. ಈತನ್ನ ಬರೇ ಮುಂದಿಂದ ನೋಡಿದ್ರಲ್ಲ" ಅಂದೆ.

ಮಗಳು ತವರಿಗೆ ಬಂದಿದ್ಲು, ಕಟ್ಟಿ ಮ್ಯಾಲ ನಿಂತು ನೋಡ್ತಿದ್ಲು. "ಅಪ್ಪಾ, ಆತನ್ನ ಒಂಚೂರು ಓಡಿಸಿ ದಮ್ಮು ನೋಡ್ರಿ" ಅಂದ್ಲು.

"ನೀ ಒಳಗ ಹೋಗಿ ಮಾಸ್ತರಿಗೆ ಚಾ ತಗೊಂಡ್ಬಾ" ಅಂದ್ರು ಸಾವಕಾರ್ರು.

ಪಂದ್ಯದ ದಿನ ಪೈಲ್ವಾನ ತೊಡಿ ತಟ್ಟಿದ್ದಕ್ಕ ಊರೇ ಸಿಳ್ಳಿ ಹೊಡೀತು. ನಡುಗೆರಿ ದಾಟಿದ. ಕಬಡ್ಡಿ ಅಂದ, ಇನ್ನೊಮ್ಮೆ ಕಬಡ್ಡಿ ಅಂದ, ನಿಂತ. ಬಾಯಿ ತೆಗೆದು ಗಾಳಿ ಜಗ್ಗಿದ. ಅಷ್ಟರಾಗ ಆತನ್ನ ಯಾರೂ ಮುಟ್ಟಿದ್ದೂ ಇಲ್ಲ, ಹಿಡದದ್ದೂ ಇಲ್ಲ. ದಮ್ಮು ಕಡದು ತಾನಾಗೇ ಔಟಾಗಿ ತಿರುಗಿ ಬಂದ. ಮುಂದಿನ ಪಾಳಿಗೆ ಎದುರಿನವರು ಹಿಡದು ಮಣ್ಣಿಗೆ ಹಾಕಿದ್ರು. ಎದ್ದಾವನೇ ನೆಟ್ಟಗ ಸಾವಕಾರ್ರ ಹತ್ರ ಬಂದು ಫಿರ್ಯಾದಿ ಹೇಳ್ದ.

"ಹಿಂಗ ಕೆಡವಬಾರ್ದು ಅಂತ ಅವರಿಗೆ ಹೇಳ್ರಿ ಸಾವಕಾರ್ರೆ. ಮೈಗೆ ಮಣ್ಣು ಮೆತ್ತಿದ್ರ ಫೋಟೋ ಚಲೋ ಬರಂಗಿಲ್ಲ."

ಧನ್ವಾಡದ ಒಣಕಲು ಹುಡುಗನ್ನ ಗದ್ವಾಲದಾವ್ರು ಒಯ್ದಿದ್ರು. ಪಂದ್ಯಾನೂ ಅವನೇ ಒಯ್ದ.

ಅಮೇರಿಕಾದ ಓಟ

ಎರಡನೇ ವರ್ಷ ಅಳಿಯಂದ್ರು ಕಣಕ್ಕಿಳದ್ರು. ಸೋಲೂದು ನೋಡಾಕ ಅವರಿಗೆ ಖುಷಿ ಇತ್ತೋ, ಶಾಣ್ಯಾತನ ತೋರಸಾಕ ಖುಷಿ ಇತ್ತೋ ಗೊತ್ತಿಲ್ಲ. ಕೈಯಾಗ ಮೊಬೈಲು, ಕೊಳ್ಳಾಗ ಸೀಟಿ, ಇನ್ನೊಂದು ಕೈಯಾಗ ಓಟದ ಗಡಿಯಾರ.

"ಮಾಸ್ತರೆ, ಅಮೇರಿಕಾದ ಫುಟ್‌ಬಾಲ್ ನೋಡೀರೇನು? ಅಲ್ಲಿ ಕಡೀ ಪಾಳಿಯೊಳಗ ಯಾರೂ ಮೂಸಿ ನೋಡದ ಹುಡುಗರು ಇರ್ತಾರಲ್ಲ, ಅವರನ್ನ ಓಡಿಸಿ, ಜಿಗಿಸಿ, ತೂಗಿ, ಅಳದು ಆರಸ್ತಾರ. ಅಂಥವ್ರೇ ಮುಂದ ಹುಲಿ ಆಗ್ತಾರ" ಅಂತ ಹೇಳಿ, ತಲೀಗೆ ಕೊಡದಂಥ ಟೊಪ್ಪಿಗಿ ಹಾಕ್ಕೊಂಡು ಒಬ್ಬರ ಮ್ಯಾಲೊಬ್ಬರು ಬೀಳೂ ಮಂದಿನ್ನ ಮೊಬೈಲಿನ್ಯಾಗ ತೋರಿಸಿದ್ರು.

"ಅಲ್ಲಿ ಮೊದಲ ಪಾಳಿ ಯಾರಿಗೆ ಕೊಡ್ತಾರ?" ಅಂತ ಕೇಳ್ದೆ.

"ಹಿಂದಿನ ವರ್ಷ ಎಲ್ಲಾರಿಗಿಂತ ಕೆಳಗಿದ್ದಾವ್ರಿಗೆ."

"ಅದು ನ್ಯಾಯ ಆತು. ಅದನ್ನ ಇಲ್ಲಿ ತರ್ರಿ."

"ಅದು ಇಲ್ಲಿ ನಡ್ಯಂಗಿಲ್ಲ ಮಾಸ್ತರೆ" ಅಂದ್ರು. ಅಮೇರಿಕಾದಿಂದ ಕೆಲಸಕ್ಕ ಬರೂದು ಬಿಟ್ಟು ಗಡಿಯಾರ ಒಂದೇ ತಂದಿದ್ರು.

ಆ ಗಡಿಯಾರ ಹಿಡಕೊಂಡು ಬಂದಾವ್ರನ್ನೆಲ್ಲ ಅಂಗಳದಿಂದ ಬಸ್‌ಸ್ಟ್ಯಾಂಡಿನ ತನಕ ಓಡಿಸಿದ್ರು. ಕಬಡ್ಡಿ ಅಂಗಳ ಬಸ್‌ಸ್ಟ್ಯಾಂಡಿನ ತನಕ ಇರಂಗಿಲ್ರಿ ಅಂದ್ರೂ ಕೇಳ್ಳಿಲ್ಲ. ಎಲ್ಲಾರಿಗಿಂತ ಜೋರು ಓಡಿದ ಒಬ್ಬನ್ನ ನಮ್ಮ ಮೊದಲ ಪಾಳಿಗೆ ತಗೊಂಡ್ರು. ಆಡಿಸಿ ನೋಡ್ಲಿಲ್ಲ, ಯಾಕಂದ್ರ ಆಟ ಗಡಿಯಾರದಾಗ ಬರಂಗಿಲ್ಲ. ಕಟ್ಟಿ ಮ್ಯಾಲಿಂದ ಮಗಳು, "ಸರ್, ಆತ ಕೆಳಗ ಗೆರೀನೇ ನೋಡಂಗಿಲ್ಲ" ಅಂತ ನನಗಂದ್ಲು. ನಾನು ಸಾವಕಾರ್ರಿಗೆ ಅದನ್ನೇ ಹೇಳಾಕ ಬಾಯಿ ತೆಗಿಯೂದ್ರಾಗ ಸಾವಕಾರ್ರು, "ಏ ತಂಗಿ, ಅಳಿಯಂದ್ರು ಬಿಸಲಾಗ ನಿಂತಾರ, ಚಾ ತಗೊಂಡ್ಬಾ" ಅಂದ್ರು.

ಪಂದ್ಯದಾಗ ಆ ಹುಡುಗ ಕಬಡ್ಡಿ ಅಂದಾವನೇ ಬಾಣ ಬಿಟ್ಟಂಗ ಹೋದ. ಎದುರಿನವರು ಹೆದರಿ ಅತ್ತಿತ್ತ ಸರದ್ರು. ಆತ ಅವರ ನಡುವ ಹಾದು, ಹಿಂದಿನ ಗೆರಿ ದಾಟಿ, ನೋಡಾಕ ನಿಂತಿದ್ದ ಮಂದೀನೂ ದಾಟಿ, ಮಿರ್ಚಿ ಕರಿಯೂ ಗಾಡಿ ಹಿಡದು ನಿಂತ. ಅಂಪೈರು ಔಟ್ ಕೊಟ್ಟ. ಅಳಿಯಂದ್ರು ಗಡಿಯಾರ ನೋಡಿ, "ಟೈಮು ಮಾತ್ರ ಚಲೋ ಐತಿ" ಅಂದ್ರು.

ಹರಡು ಹಿಡೀಲಾರದಾಂವ

ಅಷ್ಟಾದ್ರೂ ಆ ವರ್ಷ ಹೆಂಗೋ ಎಳಕೊಂತ ಗದ್ವಾಲದ ಸಂಗಟ ಕಡೀ ಪಂದ್ಯದ ತನಕ ಬಂದಿದ್ವಿ. ಪಾಯಿಂಟು ಸರಿಸಮ. ಕಡೀ ದಾಳಿ ಗದ್ವಾಲದ್ದು. ನಮ್ಮ ಕಡೆ ಎಡಗಡಿ ಮೂಲಿಯೊಳಗ ಮರಿಕಲ್ ಕಡಿಯ ಒಬ್ಬ ಗಟ್ಟಿ ಹುಡುಗ ನಿಂತಿದ್ದ. ಹಿಡದ್ರ ಎತ್ತನ್ನೂ ಬಿಡಂಗಿಲ್ಲ, ಅಂಥಾ ಕೈ.

ಗದ್ವಾಲದಿಂದ ದಾಳಿಗೆ ಬಂದಾಂವ ಆತನ ಮುಂದೇ ಕಾಲು ಚಾಚಿದ. ನಮ್ಮಾಂವ ಬಗ್ಗಿದ, ಕೈ ಹರಡಿನ ಹತ್ರ ಹೋತು, ಮುಖ ನೋಡಿದ, ಕೈ ಹಿಂದಕ್ಕ ತಗೊಂಡು ದಾರಿ ಬಿಟ್ಟು ನಿಂತ. ದಾಳಿಗೆ ಬಂದಾಂವ ಭುಜ ಮುಟ್ಟಿ ಆರಾಮ ಹೋದ. ಪಂದ್ಯ ಹೋತು.

ಸಾವಕಾರ್ರು ಚಪ್ಪಲಿ ಬಿಟ್ಟು ಓಡಿಬಂದ್ರು. "ಯಾಕಲೇ ಬಿಟ್ಟಿ?"

"ಅಳಿಯ್ರು ಅವರು, ಸಾವಕಾರ್ರೆ."

"ಯಾರ ಅಳಿಯ? ನಿಮ್ಮ ಮನಿದಾ?"

"ನಮ್ಮ ಮನಿದಲ್ರಿ, ನಮ್ಮೂರ ಅಳಿಯ. ನಮ್ಮ ಓಣಿಯಾಗ ಮದಿವಿ ಆಗ್ಯಾರ. ಇಷ್ಟು ಮಂದಿ ಮುಂದ ಅಳಿಯನ ಕಾಲು ಜಗ್ಗಿ ಕೆಡವಿದ್ರ ಸಿಟ್ಟು ಮಾಡ್ಕೊಂಡು ಅಕ್ಕನ್ನ ಹಬ್ಬಕ್ಕ ಕಳಸಂಗಿಲ್ಲ. ಆಮ್ಯಾಗ ಊರಾಗ ಯಾರಿಗೆ ಮುಖ ತೋರಸ್ಲಿ?"

ನಮ್ಮ ಸೀಮಿಯೊಳಗ ಇದೊಂದು ಐತಿ. ಒಂದು ಮನಿಗೆ ಅಳಿಯ ಆದಾಂವ ಊರಿಗೇ ಅಳಿಯ. ಆತಗ ಬಿಸಿನೀರು ಮೊದಲು, ತುಪ್ಪ ಮೊದಲು. ಆತ ಮುನಿಸ್ಕೊಂಡ್ರ ಊರೇ ಗದಗದ ನಡಗ್ತೈತಿ. ಸಾವಕಾರ್ರಿಗೆ ಇದು ಗೊತ್ತಿಲ್ಲಂತೇನಲ್ಲ. ಆದ್ರೂ ಆ ಹುಡುಗನ ಮೈಮ್ಯಾಲ ಹೋದ್ರು.

"ಆಟದಾಗ ಎಂಥಾ ಅಳಿಯ, ಎಂಥಾ ಮಾವ? ಗಂಡಸಾಗಿ ಒಬ್ಬ ಅಳಿಯನ್ನ ಹಿಡ್ಯಾಕ ಧೈರ್ಯ ಇಲ್ಲ, ಥೂ" ಅಂತ ಒದರಿ, ಬಾಯಿ ಒಣಗಿ ತಿರುಗಿ ನೋಡಿದ್ರ ಅವರ ಅಳಿಯಂದ್ರು ಸಾವಕಾರ್ರ ಕುರ್ಚಿ ಮ್ಯಾಲೇ ಕುಂತಿದ್ರು. ಸಾವಕಾರ್ರು ನಿಂತೇ ನೀರು ಕುಡದ್ರು.

ಕನ್ಯಾ ಯಾರದ್ರಿ?

ಉಳದದ್ದು ಒಂದೇ ವರ್ಷ. ಅಳಿಯಂದ್ರು ಫಂಕ್ಷನ್ ಹಾಲಿನ ಬಾಗಲಕ್ಕ ಯಾವ ಬಣ್ಣ ಅಂತ ಮಾತಾಡಾಕ ಹತ್ತಿದ್ರು. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಯೂ ಮಂದಿ. ನನಗ ನಿದ್ದಿ ಹತ್ತವಲ್ದು, ಅನ್ನ ಸೇರವಲ್ದು. ಆ ಮಣ್ಣು ಹೋದ್ರ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅನ್ನೂದೇ ತಿಳೀತಿರಲಿಲ್ಲ.

ಹಂಗ ಹೊಳ್ಳಾಡೂ ಮುಂದ ಆ ಮರಿಕಲ್ ಹುಡುಗನ ಮಾತು ನೆಪ್ಪಿಗೆ ಬಂತು. ಗದ್ವಾಲದ ಧಣಿ ವರ್ಷಾ ಹಿಡಿಯೂ ಆಳುಗಳನ್ನೆಲ್ಲ ಕೆ.ಟಿ. ದೊಡ್ಡಿ ಕಡಿ ಒಂದೇ ಹಳ್ಳಿಯಿಂದ ಆರಿಸ್ಕೊಂತಾನ. ಅಣ್ಣತಮ್ಮರು, ಕಾಕಾನ ಮಕ್ಕಳು, ಎಲ್ಲಾ ಒಂದೇ ಓಣಿ. ಅವರ ಹಿಡತ ಉಡದ ಹಿಡತ ಇದ್ದಂಗ. ಅವರನ್ನ ಗೆಲ್ಲೂ ಹುಲಿ ನಮ್ಮ ಪಾಳಿಗೆ ಸಿಗಂಗಿಲ್ಲ. ಹುಲಿ ಯಾಕ ಬೇಕು, ಅಳಿಯ ಸಾಕಲ್ಲ ಅಂದ್ಕೊಂಡೆ.

ಬಸ್ಸು ಹಿಡದು ಆ ಸೀಮಿ ಹಳ್ಳಿ ತಿರುಗಾಕ ಹತ್ತಿದೆ. ಹೋದಲ್ಲೆಲ್ಲ ಅವೇ ಎರಡು ಪ್ರಶ್ನಿ, "ಆ ಹಳ್ಳಿಯಿಂದ ಹೆಣ್ಣು ತಂದಾವ್ರು ಯಾರದಾರ? ಅವರಿಗೆ ಕಬಡ್ಡಿ ಬರ್ತೈತೇನು?" ಮೊದಲನೇ ಪ್ರಶ್ನಿಯೊಳಗ ಹೆಣ್ಣು ಅನ್ನೂದು ಕಿವಿಗೆ ಬೀಳೂದೇ ತಡ, ಸಂಬಂಧ ತಂದೀನಂತ ತಿಳದು ಮಂದಿ ಚಾಪಿ ಹಾಸಿ, ಒಗ್ಗರಣಿ ಅವಲಕ್ಕಿ ಇಟ್ಟು, ಹುಡುಗರಿಗೆ ತಲಿ ಬಾಚಿಸಿ ತಂದು ಕುಂದ್ರಸ್ತಿದ್ರು. ಎರಡನೇ ಪ್ರಶ್ನಿ ಕೇಳಿ ಮುಖಾಮುಖಾ ನೋಡ್ತಿದ್ರು. ಒಬ್ಬ ಮುದುಕಿ ಅಂತೂ, "ಕನ್ಯಾ ಯಾರದ್ರಿ ಮಾಸ್ತರೆ? ಅಳಿಯ ದುಡದ್ರ ಸಾಲದೇನು, ಕಬಡ್ಡೀನೂ ಆಡಬೇಕಾ?" ಅಂದ್ಲು.

ಕಡೀಕ ಸಿಕ್ಕ. ಶೇಂಗಾ ಹೊಲದಾಗ ನೀರು ಕಟ್ಟಾಕ ಹತ್ತಿದ್ದ. ಮೀಸಿ ಅರ್ಧ ಬೆಳ್ಳಗ, ಹೊಟ್ಟಿ ಒಂಚೂರು ಮುಂದ. ಹುಡುಗ ಇದ್ದಾಗ ಆಡ್ತಿದ್ನಂತ. ಈಗ್ಲೂ ವರ್ಷಾ ಆರಿಸೂ ದಿನ ಬಂದು ಸಾಲಿನ ಕಡೀಕ ನಿಲ್ತಿದ್ನಂತ, ಯಾರೂ ಕರೀದಿದ್ದಕ್ಕ ಮಿರ್ಚಿ ತಿಂದು ತಿರುಗಿ ಹೋಗ್ತಿದ್ನಂತ.

"ಹೆಂಡ್ತಿ ತವರು?" ಅಂತ ಕೇಳ್ದೆ. ಅದೇ ಹಳ್ಳಿ, ಅದೇ ಓಣಿ. ನನಗ ಆತನ ಕೈ ಮುಗೀಬೇಕು ಅನಿಸ್ತು.

ಆರಿಸೂ ದಿನ ಕಡೀ ಪಾಳಿಯೊಳಗ ನಮ್ಮ ಕಡೆ ಎಲ್ಲಾರೂ ನೋಡಿದ್ರು. ಈ ವರ್ಷ ಆರಿಸೂದು ಸಾವಕಾರ್ರು ನನಗ ಬಿಟ್ಟಿದ್ರು, ನಾನು ಆತನ್ನ ಕರದೆ. ಗದ್ವಾಲದ ಧಣಿ ಹೊಟ್ಟಿ ಹಿಡಕೊಂಡು ನಕ್ಕ. ಅಳಿಯಂದ್ರು ಮೊಬೈಲು ತಿಕ್ಕಿ, "ಈತನ ರೆಕಾರ್ಡು ಎಲ್ಲೂ ಇಲ್ಲ" ಅಂದ್ರು. ಸಾವಕಾರ್ರು ನನ್ನ ಕಿವಿ ಹತ್ರ ಬಂದು, "ಮಾಸ್ತರೆ, ಈತ ಆಡಾಕ ಬಂದಾನೋ, ಪಂಪು ರಿಪೇರಿ ಮಾಡಿಸಾಕ ಬಂದಾನೋ?" ಅಂದ್ರು.

ಮಗಳು ಕಟ್ಟಿ ಮ್ಯಾಲಿಂದ ಆತನ್ನ ನೋಡಿದ್ಲು, ಗದ್ವಾಲದ ಸಾಲು ನೋಡಿದ್ಲು. ಆತ ಸಾಲು ಬಿಟ್ಟು ಬರೂ ಮುಂದ ಗದ್ವಾಲದ ಹುಡುಗರೆಲ್ಲ ಎದ್ದು ನಿಂತಿದ್ರು, ಒಬ್ಬ ಕುರ್ಚಿ ಸರಿಸಿದ್ದ. ಆಕಿಗೆ ನಗು ಬಂತು. ಯಾರೂ ಏನೂ ಹೇಳೂಕಿಂತ ಮೊದಲ, "ಚಾ ತರ್ತೀನಿ" ಅಂತ ತಾನೇ ಒಳಗ ಹೋದ್ಲು.

ಕ್ಷೇಮ ಸಮಾಚಾರ

ಕಡೀ ಪಂದ್ಯ ಮತ್ತ ಗದ್ವಾಲದ ಸಂಗಟಾನೇ. ಬ್ಯಾರೆ ಪಂದ್ಯದಾಗ ಆತನ್ನ ಇಳಿಸಿರಲಿಲ್ಲ. ಇಳಿಸಿದ್ರ ಒಂದು ಕ್ಷಣ ನಿಲ್ತಿರಲಿಲ್ಲ, ಆಟ ಅಷ್ಟರ ಮಟ್ಟಿಗೇ ಇತ್ತು. ಗದ್ವಾಲದಾವ್ರು ಎರಡು ಪಾಯಿಂಟು ಮುಂದಿದ್ದಾಗ ಕಡೀ ದಾಳಿ ನಮ್ಮದು ಬಂತು. ನಾನು ಆತನ ಬೆನ್ನು ತಟ್ಟಿ, "ಅತ್ತಿ ಮನಿಗೆ ಹೋದಂಗ ಹೋಗಿ ಬರ್ರಿ" ಅಂದೆ.

ಆತ ಹಂಗೇ ಹೋದ. ದಡಬಡ ಇಲ್ಲ. ಧೋತರದ ಚುಂಗು ಹಿಡದು ನಡಿಯೂ ಗತ್ತಿನ್ಯಾಗ ನಡುಗೆರಿ ದಾಟಿದ. ಬಾಯಾಗ ಕಬಡ್ಡಿ ಕಬಡ್ಡಿ ಅಂತಿದ್ದ ಖರೆ, ದನಿ ಮಾತ್ರ ಎಲ್ಲಾರೂ ಆರಾಮೇನ್ರಿ, ಮಳಿ ಬೆಳಿ ಹೆಂಗೈತ್ರಿ ಅಂತ ಕೇಳಿದಂಗಿತ್ತು. ಗದ್ವಾಲದ ಹುಡುಗರು ತಲಿ ತಗ್ಗಿಸಿ ದಾರಿ ಬಿಟ್ರು. ಒಬ್ಬ ಮರ್ತು ಕೈ ಮುಗದ. ಆತ ಹಿರೇ ಅಳಿಯ ಮುಟ್ಟಿದಂಗ ಒಬ್ಬನ ತಲಿ ಮುಟ್ಟಿದ, ಒಬ್ಬನ ಭುಜ ತಟ್ಟಿದ, ಮೂಲಿಯೊಳಗ ನಿಂತ ಸಣ್ಣಾವನ ಗಲ್ಲ ಹಿಂಡಿದ.

ಗದ್ವಾಲದ ಧಣಿ ತೆಲುಗಿನ್ಯಾಗ, "ಪಟ್ಟುಕೋರಾ, ಪಟ್ಟುಕೋ" ಅಂತ ಹಿಡಿಯಾಕ ಒದರಿ ಒದರಿ ಕುರ್ಚಿ ಮ್ಯಾಲ ಹತ್ತಿದ. ಅವರ ಕ್ಯಾಪ್ಟನ್ ಅಲ್ಲಿಂದಲೇ ಹೇಳ್ದ.

"ಅಕ್ಕನ್ನ ಕೊಟ್ಟೀವ್ರಿ ಧಣಿ. ಬೇಕಾದ್ರ ನೀವೇ ಬಂದು ಹಿಡೀರಿ. ನಾಳೆ ಅಕ್ಕನ್ನ ತವರಿಗೆ ಕಳಸ್ಲಿಲ್ಲಂದ್ರ ನೀವೇ ಹೋಗಿ ಕರಕೊಂಡು ಬರ್ಬೇಕು ಮತ್ತ."

ಆತ ತಿರುಗಿ ನಡುಗೆರಿ ದಾಟಿ ಬಂದ. ಮೂರು ಪಾಯಿಂಟು ಒಮ್ಮೆಲೇ. ಊರೇ ಎದ್ದು ಕುಣೀತು. ಸಾವಕಾರ್ರು ನನ್ನ ಅಪ್ಪಿ ಹಿಡದು, "ನಾ ಹೇಳಿರ್ಲಿಲ್ಲೇನು ಮಾಸ್ತರೆ, ಹಳೇ ಸೀರಿ ತಾಳಿಕಿ ಜಾಸ್ತಿ ಅಂತ" ಅಂದ್ರು. ಪಂಪು ರಿಪೇರಿ ಮಾತು ಅವರಿಗೆ ಮರ್ತಿತ್ತು.

ಅಂಗಳದಾಗ ಬೂಟು

ಅಂಗಳ ಉಳೀತಂತ ಹಾಯಾಗಿ ಮಲಗಿ ಎದ್ದು ಮರುದಿನ ಹೋದ್ರ, ಅಳಿಯಂದ್ರು ಒಬ್ಬ ಮೇಸ್ತ್ರಿನ್ನ ಕರಕೊಂಡು ಬಂದು ಟೇಪು ಹಿಡದು ನಿಂತಿದ್ರು. ಅದೂ ಬೂಟು ಹಾಕ್ಕೊಂಡು, ನಾವು ಬರಿಗಾಲಾಗಿ ನಮಸ್ಕಾರ ಮಾಡಿ ಇಳಿಯೂ ಮಣ್ಣಿನ ನಟ್ಟನಡುವ.

"ಗೆದ್ದೀವಲ್ರಿ" ಅಂದೆ.

"ಅದಕ್ಕೇ ಮಾಸ್ತರೆ. ಇಂಥಾ ಟೀಮಿಗೆ ಸತ್ಕಾರ ಆಗಬೇಕೋ ಬ್ಯಾಡೋ? ಮಾಡಾಕ ಊರಾಗ ಒಂದು ನೆಟ್ಟನೆ ಹಾಲ್ ಐತೇನು?"

ಸೋತ್ರ ಹಾಲ್, ಗೆದ್ರೂ ಹಾಲ್. ನನಗ ಮೈಯೆಲ್ಲ ಉರೀತು. ಸಾವಕಾರ್ರನ್ನ ಹುಡುಕಿದೆ. ಅವರು ಕಟ್ಟಿ ಕಂಬದ ಹಿಂದ ನಿಂತು ಪಂಚಾಂಗ ನೋಡಾಕ ಹತ್ತಿದ್ರು. ಅವರಿಗೆ ಪಂಚಾಂಗ ನೋಡಾಕ ಬರಂಗಿಲ್ಲ.

"ಮಾತು ಕೊಟ್ಟೀರಿ ಸಾವಕಾರ್ರೆ. ಬ್ಯಾಡ ಅನ್ರಿ."

"ಹೆಂಗ ಅನ್ಲಿ ಮಾಸ್ತರೆ, ಅಳಿಯಂದ್ರು ಅವರು. ಸಿಟ್ಟು ಮಾಡ್ಕೊಂಡು ಮಗಳನ್ನ ಕಳಸ್ಲಿಲ್ಲಂದ್ರ?"

"ಹೋದ ವರ್ಷ ಆ ಮರಿಕಲ್ ಹುಡುಗ ಇದೇ ಮಾತು ಅಂದಾಗ ಅವಗ ಥೂ ಅಂದ್ರಲ್ರಿ. ಒಬ್ಬ ಅಳಿಯನ್ನ ಹಿಡ್ಯಾಕ ಧೈರ್ಯ ಇಲ್ಲ ಅಂದ್ರಲ್ಲ."

ಸಾವಕಾರ್ರು ಪಂಚಾಂಗದ ಹಾಳಿ ತಿರುವಿದ್ರು. ಆಮ್ಯಾಗ ಮೆತ್ತಗ, "ಇಂಥವ್ರನ್ನ ಹಿಡಿಯೂ ಅಂಥಾ ಆಳು ಯಾರರೆ ಸಿಗ್ತಾರೇನ್ರಿ ಮಾಸ್ತರೆ? ಎಲ್ಲೆರೆ ಕಡೀ ಪಾಳಿಯೊಳಗ?" ಅಂದ್ರು.

ನಾನು ಬಾಯಿ ತೆಗಿಯೂದ್ರಾಗ ಮಗಳು ಚಾದ ತಾಟು ಹಿಡಕೊಂಡು ಹೊರಗ ಬಂದ್ಲು. ಅಂಗಳದಾಗ ಬೂಟು ನೋಡಿದ್ಲು. ತಾಟು ಕಟ್ಟಿ ಮ್ಯಾಲ ಇಟ್ಟು, ಚಪ್ಪಲಿ ಬಿಟ್ಟು, ಸೆರಗು ಟೊಂಕಕ್ಕ ಸಿಗಿಸಿ, ಮಣ್ಣು ಮುಟ್ಟಿ ಹಣಿಗೆ ಹಚ್ಚಿಕೊಂಡು ಒಳಗ ಇಳದ್ಲು. ನೆಟ್ಟಗ ಗಂಡನ ಮುಂದ ಹೋಗಿ ಬಗ್ಗಿದ್ಲು.

ಅಳಿಯಂದ್ರ ಮುಖ ಅರಳ್ತು. ಹೆಂಡ್ತಿ ಮಂದಿ ಮುಂದ ಕಾಲಿಗೆ ಬೀಳಾಕ ಹತ್ಯಾಳ, ಮೇಸ್ತ್ರಿ ನೋಡಾಕ ಹತ್ಯಾನ. ಟೇಪು ಎಡಗೈಗೆ ತಗೊಂಡು, ಆಶೀರ್ವಾದ ಮಾಡಾಕ ಬಲಗೈ ಎತ್ತಿದ್ರು. ನಾನು ಆಕಿ ಎಡಗಾಲು ನೋಡ್ದೆ, ಹಿಂದಕ್ಕ ಊರಿದ್ಲು. ನಾನು ಕಲಿಸಿದ ಹೆಜ್ಜಿ ಅದು, ನನಗ ಗೊತ್ತಿಲ್ಲೇನು.

ಎರಡೂ ಕೈ ಹರಡಿಗೆ ಬಿದ್ವು. ಒಂದೇ ಜಗ್ಗು. ಆಶೀರ್ವಾದ ಮ್ಯಾಲೇ ಉಳೀತು, ಅಳಿಯಂದ್ರು ಮಣ್ಣಿನ್ಯಾಗ ಅಂಗಾತ ಬಿದ್ರು.

"ಬಿಡು, ಮಂದಿ ನೋಡ್ತಾರ" ಅಂದ್ರು.

"ನೋಡ್ಲಿ ಬಿಡ್ರಿ. ಗಂಡನ ಕಾಲು ಹಿಡದೀನಿ, ಯಾರೇನಂತಾರ? ನಡುಗೆರಿ ಮುಟ್ರಿ, ಬಿಡ್ತೀನಿ."

ಅಳಿಯಂದ್ರು ಕೈ ಚಾಚಿದ್ರು, ಎಟುಕ್ಲಿಲ್ಲ. ಹೊಳ್ಳಿದ್ರು, ಬಿಡ್ಲಿಲ್ಲ. ಟೇಪಿನ ತುದಿ ಒಗದು ಗೆರಿ ಮುಟ್ಟಸಾಕ ನೋಡಿದ್ರು. ಅದು ನಡ್ಯಂಗಿಲ್ಲ ಅಂತ ನಾನು ಅಂಪೈರಿನಂಗ ಕೈ ಅಲ್ಲಾಡಿಸಿದೆ.

"ಹಾಲ್ ಬೇಕಾ?" ಅಂತ ಕೇಳಿದ್ಲು.

"ಬ್ಯಾಡ ಮಾರಾಯ್ತಿ."

"ಗದ್ವಾಲದಾಗ ನಿಮ್ಮ ಟೆಂಟು ಇಡೂ ಜಾಗ ಐತಲ್ಲ, ಅಲ್ಲಿ ಕಟ್ಟಸ್ರಿ. ಇಲ್ಲಿ ಇಳಿಯೂದಿದ್ರ ಬೂಟು ಬಿಟ್ಟು ಇಳೀರಿ." ಆಮ್ಯಾಗ ಬಿಟ್ಲು. ಮೇಸ್ತ್ರಿ ಅಷ್ಟರಾಗ ಟೇಪು ಸುತ್ತಿ ರಸ್ತೆ ಹಿಡದಿದ್ದ.

ಹಿತ್ತಲ ಗಿಡ ಮದ್ದಲ್ಲ ಅಂತಾರ. ಸಾವಕಾರ್ರು ಪಂಚಾಂಗ ಮಡಚಿ, ಆಗ ಹುಟ್ಟಿದ ಮಗಳನ್ನ ನೋಡಿದಂಗ ಆಕಿನ್ನ ನೋಡಾಕ ಹತ್ತಿದ್ರು.

"ಮಾಸ್ತರೆ, ಮನಿಯಾಗೇ ಇಂಥಾ ಆಳು ಇದ್ಲಂತ ಒಮ್ಮೆರೆ ಹೇಳಬಾರ್ದಾ?"

"ಹೇಳಾಕ ಬಂದಾಗೆಲ್ಲ ಆಕಿನ್ನ ಚಾ ತರಾಕ ಕಳಸಿದ್ರಲ್ರಿ."

ಸಾವಕಾರ್ರು ಕಟ್ಟಿ ಮ್ಯಾಲಿನ ಚಾ ಮುಟ್ಟಿ ನೋಡಿದ್ರು, ಆರಿತ್ತು. ತಾಟು ಎತ್ತಿಕೊಂಡು ಬಿಸಿ ಮಾಡಾಕ ತಾವೇ ಒಳಗ ಹೋದ್ರು.